ಶಾಲೆಯ ಗೋಡೆಯಲ್ಲ, ಶಿಕ್ಷಕರನ್ನು ಲೆಕ್ಕ ಹಾಕೋಣ

ಒಂದೇ ತಾಲೂಕಿನ ಎರಡು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಯಾವುದು ವಾಸಿ? ನಾವು ನೋಡುವುದು ಕಟ್ಟಡ, ಸುಣ್ಣಬಣ್ಣ, ಇಂಗ್ಲಿಷ್ ಮಾಧ್ಯಮದ ಬೋರ್ಡು. ಆರರಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ಯಾರು ಕಲಿಸ್ತಾರೆ ಅಂತ ಕೇಳುವವರು ಕಡಿಮೆ.

ಹೋಲಿಕೆಗೆ ಬೇಕಾದ ಅಳತೆಗೋಲು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಈ ತರಗತಿಗಳಲ್ಲಿ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರು ಬೇಕು. ಜೊತೆಗೆ ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ಬರೀ 35ರ ಲೆಕ್ಕ ನೋಡಿದರೆ ಮೋಸ ಹೋಗ್ತೇವೆ. 60 ಮಕ್ಕಳಿಗೆ ಇಬ್ಬರು ಶಿಕ್ಷಕರಿದ್ದರೆ ಸಂಖ್ಯೆ ಸರಿ, ಆದರೆ ಒಂದು ವಿಷಯಕ್ಕೆ ಯಾರೂ ಇಲ್ಲ. ಏಳನೇ ತರಗತಿಯಲ್ಲಿ ತಪ್ಪಿದ ಗಣಿತ ಎಸೆಸೆಲ್ಸಿಯಲ್ಲಿ ಬಡ್ಡಿ ಸಮೇತ ಕಾಡುತ್ತದೆ.

ಕೇಳುವ ಜಾಗ ನಮ್ಮ ಕೈಯಲ್ಲೇ ಇದೆ. ಕಾಯ್ದೆ ಪ್ರಕಾರ ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಮುಂದಿನ ಸಭೆಗೆ ಉಮ್ಮಂದಿರೂ ಹೋಗಲಿ. ಖಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು, ಯಾವ ವಿಷಯ ಖಾಲಿ ಅಂತ ಕೇಳೋಣ. ಉತ್ತರ ಬರೆದಿಟ್ಟುಕೊಂಡು ಪಕ್ಕದ ಶಾಲೆಯದ್ದರ ಜೊತೆ ಇಟ್ಟು ನೋಡೋಣ. ಕೊರತೆ ಕಂಡರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅದೇ ಪಟ್ಟಿ ಕೊಡೋಣ.