ವಿದೇಶ ವ್ಯಾಸಂಗ ವೇತನ: ಕಾಯುವ ಮಕ್ಕಳ ಕಡೆಗೂ ಗಮನವಿರಲಿ

ಜೂನ್ ತಿಂಗಳು ಬಂತೆಂದರೆ ಮುಂಬಯಿ ಮಹಾನಗರ ಮತ್ತು ಉಪನಗರಗಳ ಕನ್ನಡ, ತುಳು ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ಎಸ್ಸೆಸ್ಸಿ, ಎಚ್ಚೆಸ್ಸಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಹೂಗುಚ್ಛ, ನಗದು, ಬಡ ಮಕ್ಕಳಿಗೆ ನೋಟ್‌ಬುಕ್ ವಿತರಣೆ, ದಾನಿಗಳಿಗೆ ಗೌರವ. ಸಮಾಜದ ಮಗನೋ ಮಗಳೋ ವಿದೇಶದ ವಿಶ್ವವಿದ್ಯಾನಿಲಯದ ಫೆಲೋಶಿಪ್ ಪಡೆದು ಹೊರಟಿದ್ದರಂತೂ ವೇದಿಕೆಗೆ ಕರೆದು ತಂದೆ-ತಾಯಿಯ ಸಮೇತ ಸನ್ಮಾನಿಸುವುದು ವಾಡಿಕೆ. ಅದು ಸಹಜ, ಸಂತೋಷದ ಸಂಗತಿಯೂ ಹೌದು. ಆದರೆ ಅದೇ ಸಭಾಗೃಹದ ಹಿಂದಿನ ಸಾಲಿನಲ್ಲಿ, ಅರ್ಜಿ ಹಾಕಿ ಎಂಟು ಹತ್ತು ತಿಂಗಳಾದರೂ ಹೌದು-ಅಲ್ಲ ಎಂಬ ಉತ್ತರ ಬಾರದೆ ಮೊಬೈಲಿನಲ್ಲಿ ಇ-ಮೇಲ್ ನೋಡುತ್ತಾ ಕುಳಿತ ಮಕ್ಕಳೂ ಇರುತ್ತಾರೆ. ಅವರ ಕಡೆಗೆ ಯಾವ ಸಂಘದ ಗಮನವೂ ಹೋದಂತಿಲ್ಲ.

ಹಿಂದೆ ಹೊಟೇಲು, ಗಿರಣಿ, ಬ್ಯಾಂಕುಗಳನ್ನು ನಂಬಿ ಈ ನಗರಕ್ಕೆ ಬಂದು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಮೊಮ್ಮಕ್ಕಳು ಇಂದು ಆಕ್ಸ್‌ಫರ್ಡ್, ಕೊಲಂಬಿಯಾ, ಲಂಡನ್ ಎನ್ನುವಷ್ಟು ಬೆಳೆದಿದ್ದಾರೆ. ಅಂಕಪಟ್ಟಿಯಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಕಡಿಮೆಯಿರುವುದು ಮನೆಯಲ್ಲಿ ಈ ದಾರಿ ತುಳಿದ ಹಿರಿಯರು. ಯಾವ ಕಾಗದ ಯಾವಾಗ ಬೇಕು, ಉತ್ತರ ಬಾರದಿದ್ದರೆ ಎಷ್ಟು ದಿನ ಕಾಯಬೇಕು, ಕಾಯುವಾಗ ಕೈಯಲ್ಲಿರುವ ಕೆಲಸ ಬಿಡಬೇಕೋ ಬೇಡವೋ ಎಂದು ಹೇಳಿಕೊಡುವವರಿಲ್ಲ.

ಈ ಕಾಯುವಿಕೆ ಎಷ್ಟು ದೀರ್ಘವೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಬ್ರಿಟಿಷ್ ಸರಕಾರದ ಚೀವ್ನಿಂಗ್ ವೇತನಕ್ಕೆ ಆಗಸ್ಟಿನಿಂದ ಅಕ್ಟೋಬರ್ ತನಕ ಅರ್ಜಿ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವವೂ ಬೇಕು. ಸಂದರ್ಶನ ಮುಗಿಯುವಾಗ ಏಪ್ರಿಲ್ ಬಂದಿರುತ್ತದೆ, ತೀರ್ಮಾನ ತಿಳಿಯುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ಹೊರಡುವುದು ಸೆಪ್ಟೆಂಬರಿನಲ್ಲಿ. ಅಮೆರಿಕದ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್‌ಗೆ ಅರ್ಜಿ ಹಾಕಿದ ದಿನದಿಂದ ವಿಮಾನ ಏರುವ ತನಕ ಒಂದು ವರ್ಷಕ್ಕೂ ಮಿಕ್ಕಿದ ಹಾದಿ. ಅದರಲ್ಲಿ ಇನ್ನೊಂದು ವರ್ಗವಿದೆ. ಆಯ್ಕೆಯಾದವರು, ಆಗದವರು ಎಂಬ ಎರಡು ಪಟ್ಟಿಗಳ ನಡುವೆ ಬದಲಿ ಅಭ್ಯರ್ಥಿಗಳು. ಮೇಲಿನವರು ಯಾರಾದರೂ ಬಿಟ್ಟುಕೊಟ್ಟರೆ, ಹಣ ಉಳಿದರೆ ಇವರಿಗೆ ಕರೆ. ಬದಲಿ ಪಟ್ಟಿಯಲ್ಲಿ ಹೆಸರಿರುವ ಮಗಳ ತಾಯಿಗೆ ನೆರೆಮನೆಯವರು ‘ಸಿಕ್ಕಿತಾ?’ ಎಂದು ಕೇಳಿದರೆ ಏನೆಂದು ಉತ್ತರಿಸುವುದು?

ಮುಂಬಯಿಯಲ್ಲೇ ಇರುವ ಎರಡು ಸಂಸ್ಥೆಗಳನ್ನು ಇಲ್ಲಿ ನೆನೆಯಬೇಕು. ಜಮ್ಷೆಟ್ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ಜೆ. ಎನ್. ಟಾಟಾ ದತ್ತಿನಿಧಿ ಇಂದಿಗೂ ಸಾಲರೂಪದ ವಿದ್ಯಾರ್ಥಿ ವೇತನ ನೀಡುತ್ತಿದೆ. ತುಮಕೂರಿನಲ್ಲಿ ಹುಟ್ಟಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದ ಡಾ| ರಾಜಾ ರಾಮಣ್ಣ ಅವರು ಈ ನಿಧಿಯ ಫಲಾನುಭವಿ, ರಾಷ್ಟ್ರಪತಿಯಾಗಿದ್ದ ಕೆ. ಆರ್. ನಾರಾಯಣನ್ ಕೂಡ. ಇನ್ನೊಂದು, 1976ರಲ್ಲಿ ಆರಂಭವಾದ ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ. ಎರಡರ ಕಚೇರಿಯೂ ಈ ನಗರದಲ್ಲೇ ಇದ್ದರೂ ನಮ್ಮ ಸಮಾಜದ ಎಷ್ಟು ಮನೆಗಳಲ್ಲಿ ಅವುಗಳ ಹೆಸರು ಕೇಳಿಬಂದಿದೆ?

ಕಾಯುವುದಕ್ಕೆ ಖರ್ಚಿಲ್ಲ ಎಂದು ತಿಳಿದವರು ಮುಂಬಯಿಯ ಮಧ್ಯಮ ವರ್ಗದ ಮನೆಯೊಂದಕ್ಕೆ ಹೋಗಿ ನೋಡಬೇಕು. ವೇತನದ ತೀರ್ಮಾನ ಜೂನಿಗೆ. ಆದರೆ ವಿಶ್ವವಿದ್ಯಾನಿಲಯವು ಸೀಟು ಕಾದಿರಿಸಲು ಮುಂಗಡ ಹಣ ಕೇಳುವುದು ಅದಕ್ಕಿಂತ ಮೊದಲೇ. ಅಮೆರಿಕದ ಬಹುಪಾಲು ವಿಶ್ವವಿದ್ಯಾನಿಲಯಗಳು, ಆರ್ಥಿಕ ನೆರವಿನೊಂದಿಗೆ ಸ್ನಾತಕೋತ್ತರ ಸೀಟು ಪಡೆದವರು ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರಿಸಲೇಬೇಕೆಂದು ಒತ್ತಾಯಿಸುವಂತಿಲ್ಲವೆಂಬ ಒಪ್ಪಂದ ಮಾಡಿಕೊಂಡಿವೆ. ನೆರವಿಲ್ಲದ ಸೀಟಿಗೆ ಆ ರಕ್ಷಣೆಯೂ ಇಲ್ಲ. ಮುಂಗಡ ಕಟ್ಟಿ ವೇತನ ಬಾರದಿದ್ದರೆ ಹಣ ಹೋಯಿತು. ಕಟ್ಟದೆ ವೇತನ ಬಂದರೆ ಸೀಟು ಹೋಯಿತು.

ಹಾಗಾಗಿ ತಂದೆಯಾದವನು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾನೆ. ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಲಾಲ್‌ಬಾಗ್, ಪರೇಲ್ ಕಡೆಯ ಚಾಳಿನ ಪಗಡಿ ಕೋಣೆಯಲ್ಲಿ ಮೂವತ್ತು ವರ್ಷ ಬಾಳಿದರೂ ಅದು ಬ್ಯಾಂಕಿನ ಕಣ್ಣಿಗೆ ಆಸ್ತಿಯಲ್ಲ. ಕಟ್ಟಡ ಪುನರ್‌ನಿರ್ಮಾಣಕ್ಕೆ ಹೋಗಿದ್ದರೆ ಮನೆಯೂ ಇನ್ನೊಂದು ಪತ್ರಕ್ಕಾಗಿ ಕಾಯುತ್ತಿರುತ್ತದೆ. ಊರಿನ ಉಡುಪಿಯಲ್ಲೋ ಕಾರ್ಕಳದಲ್ಲೋ ಜಾಗವಿದೆಯಲ್ಲ ಎಂದರೆ ಕುಟುಂಬದ ಪಾಲುಪಟ್ಟಿಯಾಗಿಲ್ಲ. ಹತ್ತು ಜನರ ಸಹಿ ಬೇಕು, ಇಬ್ಬರು ದುಬಾಯಿಯಲ್ಲಿ, ಒಬ್ಬರಿಗೆ ಮುನಿಸು. ಇತ್ತ ಮಗ ಕೆಲಸಕ್ಕೆ ರಾಜೀನಾಮೆ ಕೊಡುವಂತಿಲ್ಲ, ಬೇರೆ ಕೆಲಸ ಒಪ್ಪಿಕೊಳ್ಳುವಂತೆಯೂ ಇಲ್ಲ. ಮಗಳಾದರೆ ಮದುವೆಯ ಪ್ರಸ್ತಾಪಗಳಿಗೆ ‘ಸ್ವಲ್ಪ ತಡೆಯಿರಿ’ ಎನ್ನಬೇಕು. ಎಷ್ಟು ದಿನ ಎಂದು ಕೇಳಿದರೆ ಹೇಳಲು ತಾರೀಕಿಲ್ಲ.

ರಾಜ್ಯ ಸರಕಾರಗಳ ಯೋಜನೆಗಳಿಗೆ ಹೋದರೆ ಹೊರನಾಡ ಕನ್ನಡಿಗನ ಹಳೆಯ ತೊಡಕು ಎದುರಾಗುತ್ತದೆ. ಮಹಾರಾಷ್ಟ್ರದ ರಾಜರ್ಷಿ ಶಾಹು ಮಹಾರಾಜ್ ವಿದೇಶ ವ್ಯಾಸಂಗ ವೇತನವಿರಲಿ, ಕರ್ನಾಟಕ ಸರಕಾರದ ಯೋಜನೆಗಳಿರಲಿ, ಆಯಾ ರಾಜ್ಯದ ನಿವಾಸಿಯೆಂಬ ದಾಖಲೆ ಬೇಕು. ಜಾತಿ ಪ್ರಮಾಣಪತ್ರ ಅಜ್ಜನ ಊರಿನದು, ರೇಷನ್ ಕಾರ್ಡು ಠಾಣೆ ಜಿಲ್ಲೆಯದು. ಎರಡೂ ಕಡೆಯ ತಹಶೀಲ್ದಾರ ಕಚೇರಿಗಳಿಗೆ ಅಲೆದು ದಾಖಲೆ ತರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ.

ಈ ಅನಿಶ್ಚಿತತೆ 2025ರಲ್ಲಿ ಹಿಂದೆಂದೂ ಕಾಣದ ಮಟ್ಟಕ್ಕೆ ಹೋಯಿತು. ಆ ವರ್ಷದ ಮೇ ಕೊನೆಯ ವಾರದಲ್ಲಿ ಅಮೆರಿಕವು ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನ ನಿಗದಿಯನ್ನು ಜಗತ್ತಿನಾದ್ಯಂತ ತಡೆಹಿಡಿಯಿತು. ಜೂನ್ ನಡುವಿನಲ್ಲಿ ತಡೆ ತೆರವಾದಾಗ, ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಷರತ್ತು ಜೊತೆಗೆ ಬಂತು. ಆಗಸ್ಟಿನಲ್ಲಿ ತರಗತಿ ಸೇರಬೇಕಾದವರಿಗೆ ಬಾಂದ್ರಾ-ಕುರ್ಲಾ ಸಂಕೀರ್ಣದ ದೂತಾವಾಸದಲ್ಲಿ ಒಂದು ದಿನಾಂಕ ಸಿಗುವುದೇ ದೊಡ್ಡ ಪರೀಕ್ಷೆಯಾಯಿತು. ಅದೇ ಜೂನ್ ತಿಂಗಳಲ್ಲಿ ಫುಲ್‌ಬ್ರೈಟ್ ಕಾರ್ಯಕ್ರಮದ ಮೇಲ್ವಿಚಾರಣಾ ಮಂಡಳಿಯ ಬಹುತೇಕ ಎಲ್ಲ ಸದಸ್ಯರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಮಂಡಳಿ ಆರಿಸಿದ ಹಲವರ ಫೆಲೋಶಿಪ್‌ಗಳನ್ನು ಆಡಳಿತ ರದ್ದುಪಡಿಸಿದೆ, ಇನ್ನೂ ಸುಮಾರು 1,200 ವಿದೇಶಿ ಫೆಲೋಗಳ ಹೆಸರನ್ನು ಮರುಪರಿಶೀಲನೆಗೆ ಒಳಪಡಿಸಿದೆ ಎಂಬುದು ಅವರ ಆಕ್ಷೇಪ. 1946ರಿಂದ ನಡೆದುಬಂದ ಕಾರ್ಯಕ್ರಮವೊಂದರಲ್ಲಿ, ‘ಆಯ್ಕೆಯಾಗಿದ್ದೀರಿ’ ಎಂಬ ಪತ್ರ ಕೈಸೇರಿದ ಮೇಲೂ ಕಾಯಬೇಕಾದ ಸ್ಥಿತಿ ಅದು.

ದೂರದ ದೇಶವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆಂದು ಕೇಂದ್ರ ಸರಕಾರ ನೀಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿ ವೇತನದಲ್ಲಿ ಅದೇ 2025ರ ಸಾಲಿಗೆ ಆಯ್ಕೆಯಾದವರು 106 ಮಂದಿ. ಜುಲೈ ಆರಂಭದಲ್ಲಿ ಮೊದಲಿಗೆ ತಾತ್ಕಾಲಿಕ ಮಂಜೂರಾತಿ ಪತ್ರ ದೊರೆತದ್ದು 40 ಮಂದಿಗೆ. ಉಳಿದ 66 ಮಂದಿಗೆ ಹಣ ಲಭ್ಯವಾದರೆ ಪತ್ರ ಎಂಬ ಉತ್ತರ. ಲಂಡನ್ನಿನಲ್ಲಿ ಸೀಟು ಸಿಕ್ಕು, ಪಟ್ಟಿಯಲ್ಲಿ ಹೆಸರೂ ಬಂದು, ಜುಲೈ ತಿಂಗಳಲ್ಲಿ ‘ಲಭ್ಯವಾದರೆ’ ಎಂಬ ಮಾತು ಓದಿದ ಮನೆಗಳಲ್ಲಿ ಆ ದಿನ ಊಟ ಸೇರಿರಲಾರದು.

ಹಣದ ಕಾರಣಕ್ಕೆ ಓದು ನಿಂತ ಕಥೆ ಈ ನಗರಕ್ಕೆ ಹೊಸದೇನಲ್ಲ. ಬರೋಡಾ ಮಹಾರಾಜರ ವಿದ್ಯಾರ್ಥಿ ವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ, ಅಲ್ಲಿಂದ ಲಂಡನ್ನಿಗೆ ತೆರಳಿದ ಡಾ| ಬಿ. ಆರ್. ಅಂಬೇಡ್ಕರ್ ವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ನಾಲ್ಕು ವರ್ಷದೊಳಗೆ ಬಂದರೆ ಮುಂದುವರಿಸಬಹುದೆಂಬ ಅನುಮತಿಯೊಂದೇ ಕೈಯಲ್ಲಿದ್ದ ಆಸ್ತಿ. ಪರೇಲಿನ ಬಿಐಟಿ ಚಾಳಿನಲ್ಲಿ ಸಂಸಾರ, ಸಿಡ್ನಮ್ ಕಾಲೇಜಿನಲ್ಲಿ ಪಾಠ. ಸಂಬಳದಲ್ಲಿ ಉಳಿಸಿದ್ದು, ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟದ್ದು ಎಲ್ಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದರು. ಗಡುವಿಗೆ ಇನ್ನೊಂದೇ ವರ್ಷ ಉಳಿದಿತ್ತು.

ಕನ್ನಡದ ಮಟ್ಟಿಗೆ ಹೇಳುವುದಾದರೆ ವಿದೇಶದ ಫೆಲೋಶಿಪ್‌ಗಳ ಋಣ ನಮ್ಮ ಸಾಹಿತ್ಯದ ಮೇಲೆ ಸಣ್ಣದಲ್ಲ. ಎ. ಕೆ. ರಾಮಾನುಜನ್ ಬೆಳಗಾವಿಯೂ ಸೇರಿದಂತೆ ಹಲವೆಡೆ ಅಧ್ಯಾಪಕರಾಗಿ ದುಡಿದ ಬಳಿಕ 1959ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಯು. ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವೇತನದಲ್ಲಿ ಬರ್ಮಿಂಗ್‌ಹ್ಯಾಮ್ ಸೇರಿದರು. ‘ಸಂಸ್ಕಾರ’ ಅಲ್ಲಿ ಕುಳಿತು ಬರೆದದ್ದು.

ಮುಂಬಯಿ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಗಿರೀಶ ಕಾರ್ನಾಡರದು. ಧಾರವಾಡದ ಕರ್ನಾಟಕ ಕಾಲೇಜಿನಿಂದ 1958ರಲ್ಲಿ ಪದವಿ ಮುಗಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆ ಮುಂಬಯಿಗೆ ಬಂದ ಹುಡುಗ ಅವರು. ಇಲ್ಲಿ ಅಲ್ಕಾಜಿಯವರ ನಾಟಕ ನೋಡಿ ಬೆರಗಾದದ್ದೂ ಆಗಲೇ. ರೋಡ್ಸ್ ಸ್ಕಾಲರ್‌ಶಿಪ್ ದೊರೆತು 1960ರಲ್ಲಿ ಆಕ್ಸ್‌ಫರ್ಡಿಗೆ ಹೋಗುವ ಮುನ್ನ ಮನೆಯಲ್ಲಿ ನಡೆದ ತಳಮಳವನ್ನು ಅವರೇ ಮುಂದೆ ಬರೆದಿದ್ದಾರೆ. ದೊಡ್ಡ ಕುಟುಂಬದಿಂದ ಕಡಲು ದಾಟುತ್ತಿದ್ದ ಮೊದಲಿಗ. ಹೋದವನು ಮರಳುತ್ತಾನೋ ಇಲ್ಲವೋ, ಅಲ್ಲೇ ಯಾರನ್ನಾದರೂ ಮದುವೆಯಾಗಿಬಿಟ್ಟರೆ ಎಂಬ ಹೆತ್ತವರ ಆತಂಕ ಬೇರೆ. ಇಂಗ್ಲಿಷ್ ಕವಿಯಾಗಬೇಕೆಂದುಕೊಂಡಿದ್ದವರು ಹೊರಡುವ ಸಿದ್ಧತೆಯ ಆ ವಾರಗಳಲ್ಲಿ ಬರೆದದ್ದು ಕನ್ನಡ ನಾಟಕ, ‘ಯಯಾತಿ’. ತಂದೆಗಾಗಿ ತನ್ನ ಯೌವನವನ್ನೇ ಬಿಟ್ಟುಕೊಡುವ ಮಗನ ಕಥೆಯನ್ನು ಆ ಹೊತ್ತಿನಲ್ಲಿ ಯಾಕೆ ಆರಿಸಿಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿದಾಗ ಅವರು ಆಕ್ಸ್‌ಫರ್ಡಿನಲ್ಲಿದ್ದರು. ಕಾಯುವ ಮಕ್ಕಳೆಲ್ಲ ನಾಟಕ ಬರೆಯಲಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಇಂದಿನ ಮನೆಗಳ ತಳಮಳ ಅಂದಿನದಕ್ಕಿಂತ ಬೇರೆಯಲ್ಲ. ಅದನ್ನು ಮಗುವಿನ ಹಠವೆಂದೋ ಸೋಮಾರಿತನವೆಂದೋ ಹಿರಿಯರು ತಿಳಿಯಬಾರದು.

ಕಾಯುವವರ ಕಷ್ಟ ಕೆಲವೊಮ್ಮೆ ಇಲ್ಲಿಯೇ ಹುಟ್ಟಿಕೊಳ್ಳುವುದೂ ಉಂಟು. 2017ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಉತ್ತರ ಪತ್ರಿಕೆಗಳನ್ನು ಗಣಕಯಂತ್ರದ ಪರದೆಯಲ್ಲಿ ತಿದ್ದುವ ಪದ್ಧತಿಗೆ ಏಕಾಏಕಿ ಇಳಿದಾಗ ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು. ರಾಜ್ಯಪಾಲರು ಕೊಟ್ಟ ಜುಲೈ 31ರ ಗಡುವೂ ದಾಟಿತು, ಕೊನೆಗೆ ಅಕ್ಟೋಬರಿನಲ್ಲಿ ಉಪಕುಲಪತಿಗಳೇ ಹುದ್ದೆ ಕಳೆದುಕೊಂಡರು. ಅಷ್ಟರಲ್ಲಿ ಅಂತಿಮ ಅಂಕಪಟ್ಟಿಯಿಲ್ಲದೆ ವಿದೇಶದ ಸೀಟು ಅತಂತ್ರವಾದವರ ಕಥೆ ಯಾವ ಆದೇಶದಲ್ಲೂ ದಾಖಲಾಗಲಿಲ್ಲ. ಅಂದಿನಿಂದ ಅನುಭವಸ್ಥರು ಹೇಳುವ ಮಾತು ಒಂದೇ: ಅಂಕಪಟ್ಟಿಯ ದೃಢೀಕೃತ ಪ್ರತಿಗಳಿಗೆ ಫೆಲೋಶಿಪ್ ಬಂದ ಮೇಲೆ ಅಲ್ಲ, ಅರ್ಜಿ ಹಾಕುವ ಮೊದಲೇ ಕಲೀನಾಕ್ಕೆ ಹೋಗಬೇಕು.

ಇನ್ನು ಸಂಘಗಳ ಮಾತು. ಮಾಟುಂಗಾದ ಮೈಸೂರು ಅಸೋಸಿಯೇಶನ್ ಮತ್ತು ಕರ್ನಾಟಕ ಸಂಘದಿಂದ ಹಿಡಿದು ಬಂಟರ, ಬಿಲ್ಲವರ, ಮೊಗವೀರರ ಸಂಸ್ಥೆಗಳ ತನಕ ಮುಂಬಯಿಯ ಕನ್ನಡ ಸಮಾಜ ಶಿಕ್ಷಣಕ್ಕೆ ಕೊಟ್ಟ ಕೊಡುಗೆ ದೊಡ್ಡದು. ಶಾಲೆ ಕಟ್ಟಿದ್ದಾರೆ, ರಾತ್ರಿ ಶಾಲೆ ನಡೆಸಿದ್ದಾರೆ, ಬ್ಯಾಂಕುಗಳನ್ನೂ ಹುಟ್ಟುಹಾಕಿದ್ದಾರೆ. ಆದರೆ ಹಲವು ಸಂಘಗಳ ವಿದ್ಯಾರ್ಥಿ ವೇತನದ ಕ್ರಮ ಇಂದಿಗೂ ನೋಟ್‌ಬುಕ್ ಕಾಲದ್ದು. ಆಗಸ್ಟ್-ಸೆಪ್ಟೆಂಬರಿನ ಸಮಾರಂಭಕ್ಕೆ ಸರಿಹೊಂದುವಂತೆ ಅರ್ಜಿ ಕರೆದು, ಮುಖ್ಯ ಅತಿಥಿಗಳ ಕೈಯಿಂದ ಚೆಕ್ ಕೊಡಿಸುವಷ್ಟರಲ್ಲಿ ವಿದೇಶಕ್ಕೆ ಹೋಗಬೇಕಾದವರು ಹೋಗಿಯಾಗಿರುತ್ತದೆ, ಹೋಗಲಾಗದವರು ಬಿಟ್ಟಾಗಿರುತ್ತದೆ. ಅವರಿಗೆ ಹಣ ಬೇಕಿದ್ದದ್ದು ಏಪ್ರಿಲಿನಲ್ಲಿ, ಮುಂಗಡ ಕಟ್ಟುವಾಗ. ಮೇ ತಿಂಗಳಲ್ಲಿ, ವೀಸಾ ಶುಲ್ಕಕ್ಕೆ.

ದೊಡ್ಡ ಮೊತ್ತವೇ ಬೇಕೆಂದಿಲ್ಲ. ವೇತನದ ತೀರ್ಮಾನ ಬರುವ ತನಕದ ಮುಂಗಡಕ್ಕೆ ಬಡ್ಡಿಯಿಲ್ಲದ ಕೈಗಡ, ತೀರ್ಮಾನ ಬಂದ ಮೇಲೆ ಮರುಪಾವತಿ, ಅಷ್ಟೇ. ಸಂಘದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ಬರವಿಲ್ಲ. ಸಾಲದ ಕಾಗದ, ಪಾಲುಪಟ್ಟಿಯ ತೊಡಕು ಬಿಡಿಸಲು ಅವರಿಗಿಂತ ಬೇರೆ ಯಾರು ಬೇಕು? ಕಲೀನಾದ ಕನ್ನಡ ವಿಭಾಗವೂ ಸೇರಿದಂತೆ ನಗರದ ಕಾಲೇಜುಗಳಲ್ಲಿರುವ ಕನ್ನಡಿಗ ಪ್ರಾಧ್ಯಾಪಕರು ವರ್ಷಕ್ಕೆ ಎರಡು ಭಾನುವಾರ ಅರ್ಜಿಯ ಪ್ರಬಂಧ ಓದಿ ತಿದ್ದಿಕೊಟ್ಟರೆ, ಈಗಾಗಲೇ ಹೋಗಿಬಂದವರು ಅಣಕು ಸಂದರ್ಶನ ನಡೆಸಿದರೆ ಸಾಕು. ಬದಲಿ ಪಟ್ಟಿಯಲ್ಲಿದ್ದು ಕೊನೆಗೂ ಕರೆ ಬಾರದ ಮಕ್ಕಳು ಮರುವರ್ಷ ಮತ್ತೆ ಅರ್ಜಿ ಹಾಕಬಹುದೆಂಬುದನ್ನೂ ಅಲ್ಲಿ ಯಾರಾದರೂ ಅವರಿಗೆ ಹೇಳಬಹುದು. ಒಮ್ಮೆ ಬಾರದಿದ್ದರೆ ಮುಖ ತೋರಿಸಲಾಗದೆ ಮಹಾಸಭೆಗೂ ಬರುವುದನ್ನು ಬಿಡುವವರಿದ್ದಾರೆ.

ಹೆಚ್ಚಿನ ಸಂಘಗಳಲ್ಲಿ ವಿದ್ಯಾರ್ಥಿ ವೇತನದ ನಿಯಮ ಬದಲಿಸಲು ಕಾರ್ಯಕಾರಿ ಸಮಿತಿಯ ನಿರ್ಣಯವೇ ಸಾಲುತ್ತದೆ. ಏಪ್ರಿಲಿನ ಮುಂಗಡಕ್ಕೆ ಹಣ ಕೈಸೇರಬೇಕಾದರೆ ಆ ನಿರ್ಣಯ ಫೆಬ್ರವರಿಯ ಸಭೆಯ ಕಾರ್ಯಸೂಚಿಗೆ ಬರಬೇಕು.