ಕಂಟ್ರೋಲ್ ಝಡ್ ಎಂಬ ಧೈರ್ಯ

ಕಳೆದ ತಿಂಗಳು ಹಳೆಯ ಶಿಷ್ಯನೊಬ್ಬನ ಒತ್ತಾಯಕ್ಕೆ ಮಣಿದು ಶಿಕ್ಷಕರ ಕಾರ್ಯಾಗಾರವೊಂದಕ್ಕೆ ಹೋಗಿದ್ದೆ. ಪವರ್‌ಪಾಯಿಂಟ್‌ನಲ್ಲಿ ಪಾಠ ಸಿದ್ಧಪಡಿಸುವುದು ವಿಷಯ. ಅಕ್ಷರಗಳು ಹಾರಿಬರುವ ಬಗೆಯನ್ನು ಕಲಿಸುವುದರಲ್ಲೇ ಮಧ್ಯಾಹ್ನವಾಯಿತು. ಸ್ಲೈಡುಗಳ ಅನುಕ್ರಮವನ್ನು ಕುರಿತು ಕೇಳಿದೆ. "ಎಲ್ಲಿ ಬೇಕಾದರೂ ಎಳೆದು ಇಡಬಹುದು ಸಾರ್, ತಪ್ಪಾದರೆ ಕಂಟ್ರೋಲ್ ಝಡ್ ಇದೆಯಲ್ಲ" ಎಂದು ತರುಣ ಬೋಧಕರು ನಕ್ಕರು.

ಈ ಮಾತನ್ನು ನಾನು ಒಪ್ಪಲಾರೆ. ಎಳೆಯುವುದನ್ನು ಯಾರು ಬೇಕಾದರೂ ಕಲಿತಾರು. ಎಲ್ಲಿಡಬೇಕೆಂದು ಬಲ್ಲವನು ಆ ವಿಷಯದ ಅಧ್ಯಾಪಕನೊಬ್ಬನೇ. 'ಸ್ಲೈಡ್ ಸಾರ್ಟರ್' ನೋಟವನ್ನು ತೆರೆದರೆ ಇಡೀ ಪಾಠವು ಮೇಜಿನ ಮೇಲೆ ಹರಡಿದ ಇಸ್ಪೀಟು ಎಲೆಗಳಂತೆ (ಉಪಮೆಯನ್ನು ಕ್ಷಮಿಸಿ) ಒಂದೇ ನೋಟಕ್ಕೆ ಸಿಗುತ್ತದೆ. ಬಿ.ಎಡ್.ನಲ್ಲಿ ನಾವು ಬರೆಯುತ್ತಿದ್ದ ಪಾಠಯೋಜನೆಗೆ ಅದೇ ಸಮೀಪದ ಬಂಧು. ಆ ದಿನ ಅದನ್ನು ಒಮ್ಮೆಯೂ ತೆರೆಯಲಿಲ್ಲ!

ಇನ್ನು ಕಂಟ್ರೋಲ್ ಝಡ್. ವಿಂಡೋಸ್ ಗಣಕದಲ್ಲಿ ಅದು ಸಾಮಾನ್ಯವಾಗಿ 20 ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ಆಯ್ಕೆಗಳಲ್ಲಿ ಬದಲಿಸಿಕೊಂಡರೆ 150. ಕಡತ ಮುಚ್ಚಿದೊಡನೆ ಆ ನೆನಪೆಲ್ಲ ಅಳಿದುಹೋಗುತ್ತದೆ. ನಿವೃತ್ತಿಗೆ ಮುಂಚೆ ನಾನೇ ಬೆಳಕಿನ ವಕ್ರೀಭವನದ ಪಾಠದಲ್ಲಿ ಪ್ರಯೋಗದ ಸ್ಲೈಡನ್ನು ನಿಯಮದ ಹಿಂದಕ್ಕೆ ತಳ್ಳಿ, ಉಳಿಸಿ, ಮುಚ್ಚಿಬಿಟ್ಟಿದ್ದೆ. ಮರುದಿನ ನೀರಿನ ಲೋಟದಲ್ಲಿ ಪೆನ್ಸಿಲು ಮುರಿದಂತೆ ಕಂಡಾಗ ಒಂದು ಮಗುವೂ ಬೆರಗಾಗಲಿಲ್ಲ. ಉತ್ತರವನ್ನು ಆಗಲೇ ಓದಿಬಿಟ್ಟಿದ್ದರಲ್ಲ!

ಮುಂದಿನ ಕಾರ್ಯಾಗಾರದ ಮೊದಲ ಗಂಟೆಯಲ್ಲಿ ಗಣಕ ಮುಚ್ಚಿರಲಿ, ಶಿಕ್ಷಕರು ಕಾಗದದ ಚೀಟಿಗಳಲ್ಲಿ ಪಾಠ ಜೋಡಿಸಲಿ ಎಂದು ಆ ಬೋಧಕರಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.