ಕುಣಿಯಲು ಬಂದವಳು ಹಾಡಿದಳು

1934ರ ನವೆಂಬರ್ 21. ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಹೊಸಬರ ಸ್ಪರ್ಧೆ. ನೃತ್ಯ ಮಾಡಲೆಂದು ಬಂದಿದ್ದ ಹದಿನೇಳರ ಹುಡುಗಿಯೊಬ್ಬಳು, ತನಗಿಂತ ಮೊದಲು ಕುಣಿದ ಸೋದರಿಯರನ್ನು ನೋಡಿ ಅಧೀರಳಾದಳು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡಿದ್ದಳು. ಓದು ನಿಂತಿತ್ತು. ಸುಧಾರಣಾ ಶಾಲೆಯ ವಾಸವೂ ಆಗಿತ್ತು. ವೇದಿಕೆಗೆ ಹೋಗಿ ಆಕೆ ಹಾಡಿಬಿಟ್ಟಳು! ಮೊದಲ ಬಹುಮಾನ 25 ಡಾಲರ್ ಸಿಕ್ಕಿತು.

ಆಕೆಯೇ ಎಲಾ ಫಿಟ್ಸ್‌ಜೆರಾಲ್ಡ್. 1935ರಲ್ಲಿ ಡ್ರಮ್ ವಾದಕ ಚಿಕ್ ವೆಬ್ ಅವರ ಬ್ಯಾಂಡಿಗೆ ಸೇರಿದಳು. ಬಿಗ್ ಬ್ಯಾಂಡ್ ಎಂದರೆ ಹನ್ನೆರಡಕ್ಕೂ ಹೆಚ್ಚು ವಾದಕರ ಜಾಸ್ ಮೇಳ. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಆ ಅಬ್ಬರದಲ್ಲಿ ಒಂಟಿ ಕಂಠ ಕೇಳಿಸುವಂತೆ ಮಾಡಿದ್ದು ಮೈಕು. 1938ರಲ್ಲಿ ಮಕ್ಕಳ ಪ್ರಾಸಪದವೊಂದನ್ನು ಆಧರಿಸಿದ ಹಾಡು ಆಕೆಯನ್ನು ಮನೆಮಾತಾಗಿಸಿತು. ಮರುವರ್ಷ ವೆಬ್ ತೀರಿಕೊಂಡಾಗ 22ರ ಎಲಾ ಬ್ಯಾಂಡನ್ನು ಮುನ್ನಡೆಸಿದರು. ಅರ್ಥವಿಲ್ಲದ ಅಕ್ಷರಗಳಿಂದಲೇ ವಾದ್ಯದಂತೆ ಹಾಡುವ 'ಸ್ಕ್ಯಾಟ್' ಶೈಲಿಯಲ್ಲಿ ಮುಂದೆ ಅಪ್ರತಿಮರಾದರು.

1970ರ ದಶಕದ ಕ್ಯಾಸೆಟ್ ಜಾಹೀರಾತೊಂದರಲ್ಲಿ ಎಲಾ ಅವರ ಧ್ವನಿಗೆ ಗಾಜಿನ ಲೋಟ ಒಡೆಯುತ್ತಿತ್ತು. ಧ್ವನಿಮುದ್ರಣ ಕೇಳಿಸಿದಾಗಲೂ ಒಡೆಯುತ್ತಿತ್ತು. ಏಕೆ? ಪ್ರತಿ ಲೋಟಕ್ಕೂ ತನ್ನದೇ ಆದ ಕಂಪನದ ಆವೃತ್ತಿಯಿದೆ. ಅದೇ ಆವೃತ್ತಿಯ ಜೋರು ಧ್ವನಿ ತಾಗುತ್ತಲೇ ಇದ್ದರೆ, ಲಯವರಿತು ತಳ್ಳಿದ ಉಯ್ಯಾಲೆಯಂತೆ ಕಂಪನ ಹೆಚ್ಚುತ್ತಾ ಹೋಗಿ ಗಾಜು ಸೀಳುತ್ತದೆ. ಇದೇ ಅನುನಾದ.

ಮಧುಮೇಹದಿಂದ 1993ರಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡ ಎಲಾ, 1996ರ ಜೂನ್ 15ರಂದು ನಿಧನರಾದರು.

ಕುಣಿಯಲು ಹೊರಟ ಮಗುವಿಗೆ ಹಾಡು ಒಲಿಯಬಹುದು. ಒಂದು ಪರೀಕ್ಷೆಯ ಅಂಕ ನೋಡಿ ಮಕ್ಕಳನ್ನು ಅಳೆಯುವ ಮುನ್ನ ತಂದೆತಾಯಿಯರು ಆ ಸಂಜೆಯನ್ನು ನೆನೆಯಲಿ.